ಮಿಥಾಲಿ ಪಕ್ಷ, ಕೋಚ್ ಪಕ್ಷ

ಗುತ್ತಲಿನ ನಮ್ಮ ಬೀದಿಯಲ್ಲಿ ಹೆಣ್ಣುಮಕ್ಕಳ ಕ್ರಿಕೆಟ್ಟಿನ ಮಾತೆತ್ತಿದರೆ ಈಗಲೂ ಎರಡು ಪಕ್ಷ. ಒಂದು ಮಿಥಾಲಿ ರಾಜ್ ಪಕ್ಷ. ಅದರಲ್ಲಿ ನನ್ನಂಥ ತಲೆ ನರೆತವರೇ ಹೆಚ್ಚು. ಇನ್ನೊಂದು ಕೋಚ್ ರಮೇಶ್ ಪೊವಾರ್ ಪಕ್ಷ. ನನ್ನ ಮೊಮ್ಮಗಳು ಆ ಕಡೆ.

ಜಗಳ 2018ರದು. ಚಿಕ್ಕ ಮಕ್ಕಳಿಗೆ ಗೊತ್ತಿರಲಾರದು, ಹೇಳುತ್ತೇನೆ. ವೆಸ್ಟ್ ಇಂಡೀಸಿನಲ್ಲಿ ಮಹಿಳೆಯರ ಟಿ20 ವಿಶ್ವಕಪ್ ನಡೆದಿತ್ತು. ನಮ್ಮವರು ಗುಂಪಿನ ನಾಲ್ಕೂ ಪಂದ್ಯ ಗೆದ್ದರು. ಪಾಕಿಸ್ತಾನ, ಐರ್ಲೆಂಡ್ ಎರಡರ ಮೇಲೂ ಮಿಥಾಲಿ ಅರ್ಧಶತಕ ಹೊಡೆದರು. ಆಸ್ಟ್ರೇಲಿಯಾ ಪಂದ್ಯಕ್ಕೆ ಗಾಯದಿಂದ ಆಕೆ ಇರಲಿಲ್ಲ, ಆದರೂ ತಂಡ ಗೆದ್ದಿತು. ಸೆಮಿಫೈನಲ್ ಹೊತ್ತಿಗೆ ಗಾಯ ವಾಸಿಯಾಗಿತ್ತು. ಆದರೆ ಆಡುವ ಹನ್ನೊಂದರಲ್ಲಿ ಹೆಸರಿಲ್ಲ!

ಆ್ಯಂಟಿಗಾದಲ್ಲಿ ರಾತ್ರಿ, ನಮಗೆ ನವೆಂಬರ್ 23ರ ಬೆಳಗಿನ ಜಾವ. ಎರಡು ವಿಕೆಟ್ಟಿಗೆ 89 ಇದ್ದ ಸ್ಕೋರು ನೋಡನೋಡುತ್ತಿದ್ದಂತೆ 112ಕ್ಕೆ ಆಲೌಟ್. ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿಯೂ ಆ ತಂಡದಲ್ಲಿದ್ದರು. ಇಂಗ್ಲೆಂಡ್ ಎಂಟು ವಿಕೆಟ್ಟಿನಿಂದ ಗೆದ್ದಿತು.

"ಗೆದ್ದ ಟೀಮನ್ನ ಯಾಕ್ ತಾತ ಬದಲಾಯಿಸ್ಬೇಕು?" ಇದು ಮೊಮ್ಮಗಳ ವಾದ. ಕ್ಯಾಪ್ಟನ್ ಹರ್ಮನ್‌ಪ್ರೀತ್ ಕೌರ್ ಅಂದು ಹೇಳಿದ್ದೂ ಅದನ್ನೇ. ತೆಗೆದುಹಾಕಲಾಗದ ವಾದ. ಯಾರನ್ನು ಆಡಿಸಬೇಕೆಂಬ ಅಧಿಕಾರ ಇಲ್ಲದಿದ್ದರೆ ಕೋಚ್ ಯಾಕೆ?

ನನಗೆ ಇಂದಿಗೂ ಇರುಸುಮುರುಸಾಗುವುದು ಬೇರೆ ವಿಷಯಕ್ಕೆ. ತಾನು ನೆಟ್ಸಿನಲ್ಲಿ ಬ್ಯಾಟು ಹಿಡಿದರೆ ಪೊವಾರ್ ಅಲ್ಲಿಂದ ಎದ್ದು ಹೋಗುತ್ತಿದ್ದರು, ಮಾತಾಡಿಸಲು ಹೋದರೆ ಫೋನು ನೋಡುತ್ತ ನಡೆದುಬಿಡುತ್ತಿದ್ದರು ಎಂದು ಮಿಥಾಲಿ ಮಂಡಳಿಗೆ ಬರೆದರು. ಆಕೆಯೇ ತಂಡದಿಂದ ದೂರ ಇರುತ್ತಿದ್ದರು, ಇನಿಂಗ್ಸ್ ಆರಂಭಿಸಲು ಬಿಡದಿದ್ದರೆ ನಿವೃತ್ತಿಯಾಗುತ್ತೇನೆ ಎಂದು ಬೆದರಿಸಿದರು ಎಂಬುದು ಪೊವಾರ್ ವರದಿ. ಯಾರದು ಎಷ್ಟು ನಿಜವೋ, ಒಳಗಿದ್ದವರಿಗೇ ಗೊತ್ತು. ಆದರೆ ಎರಡು ದಶಕ ದೇಶಕ್ಕೆ ಆಡಿದವಳನ್ನು ಕೂರಿಸಿ, "ಇಂಥ ಕಾರಣಕ್ಕೆ ನಿನ್ನನ್ನು ಬಿಡುತ್ತಿದ್ದೇನಮ್ಮ" ಎಂದು ಮುಖ ನೋಡಿ ಹೇಳುವುದು ಅಷ್ಟು ಕಷ್ಟವೇ? ಶಾಲೆಯ ಕಬಡ್ಡಿ ತಂಡದಿಂದ ಬಿಟ್ಟಾಗಲೂ ಮಕ್ಕಳು ಕೇಳುವುದು ಅಷ್ಟನ್ನೇ ತಾನೆ.

ಇನ್ನೊಂದು ಕಡೆ, ಹರ್ಮನ್‌ಪ್ರೀತ್ ಮತ್ತು ಸ್ಮೃತಿ ಮಂದಾನ ಇಬ್ಬರೂ ಪೊವಾರ್ ಅವರನ್ನೇ ಉಳಿಸಿಕೊಳ್ಳಿ ಎಂದು ಮಂಡಳಿಗೆ ಪತ್ರ ಬರೆದರು. ಸ್ಮೃತಿ ನಮ್ಮ ಬೆಂಗಳೂರು ತಂಡಕ್ಕೆ 2024ರಲ್ಲಿ ಕಪ್ ತಂದುಕೊಟ್ಟವಳು, ಅವಳ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆ. ಒಬ್ಬಳಿಗೆ ಮುಖ ತಿರುಗಿಸಿದ ಗುರು ಇನ್ನಿಬ್ಬರಿಗೆ ಒಳ್ಳೆಯ ಗುರುವಾಗಿರಲೂ ಸಾಧ್ಯ. ನನ್ನ ಪಕ್ಷದವರು ಇದನ್ನು ಒಪ್ಪುವುದಿಲ್ಲ.

ಮಂಡಳಿ ಆ ಡಿಸೆಂಬರಿನಲ್ಲಿ ಡಬ್ಲ್ಯು.ವಿ. ರಾಮನ್ ಅವರನ್ನು ನೇಮಿಸಿತು. ತಮಾಷೆ ನೋಡಿ, 2021ರ ಮೇ ತಿಂಗಳಲ್ಲಿ ಪೊವಾರ್ ಮತ್ತೆ ಬಂದರು! 2022ರ ಏಕದಿನ ವಿಶ್ವಕಪ್ಪಿನಲ್ಲಿ ಮಿಥಾಲಿ ಕ್ಯಾಪ್ಟನ್, ಪೊವಾರ್ ಕೋಚ್. ಅದೇ ಇಬ್ಬರು, ಒಂದೇ ಡ್ರೆಸ್ಸಿಂಗ್ ರೂಮು. ತಂಡ ಸೆಮಿಫೈನಲ್ ತಲುಪಲಿಲ್ಲ, ಮಿಥಾಲಿ ಜೂನಿನಲ್ಲಿ ನಿವೃತ್ತರಾದರು. ವರ್ಷದ ಕೊನೆಗೆ ಪೊವಾರ್ ಅವರನ್ನು ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಗೆ ಕಳಿಸಿದರು.

"ಮತ್ತೆ ಒಟ್ಟಿಗೆ ಕೆಲಸ ಮಾಡಿದ್ರಲ್ಲ ತಾತ, ಅವರೇ ಮರೆತಿದ್ದನ್ನ ನೀವ್ಯಾಕೆ ಹಿಡ್ಕೊಂಡಿದ್ದೀರಿ?" ಎನ್ನುತ್ತಾಳೆ ಮೊಮ್ಮಗಳು. ಮರೆತರೆಂದು ಇವಳಿಗೆ ಯಾರು ಹೇಳಿದರೋ!