ಡೇರಿಯ ತಂಪು ಯಂತ್ರ: ಕೂರಿಸುವ ಮುಂಚೆ ನೆಲ ನೋಡಿ

ನಾನು ಶೆಟ್ಟಿಕೆರೆ ಸೀಮೆಯ ಬೆದ್ದಲು ರೈತ. ರಾಗಿ, ಹುರುಳಿ, ಒಂದಿಷ್ಟು ತೆಂಗು, ಎರಡು ಹಸು. ಓದಿದ್ದು ಏಳನೇ ಕ್ಲಾಸು. ನಮ್ಮ ಹಾಲಿನ ಡೇರಿಯ ಕಮಿಟಿಯಲ್ಲಿ ಇರೋದರಿಂದ, ಮೂರು ಬೇಸಿಗೆ ಹಿಂದೆ ಅಲ್ಲಿಗೆ ಬಲ್ಕ್ ಕೂಲರ್ ಬಂದಾಗ ಕೂರಿಸುವ ಕೆಲಸ ನೋಡಿಕೊಳ್ಳೋದು ನನ್ನ ಪಾಲಿಗೆ ಬಂತು. ಮಾಡಿದ ತಪ್ಪುಗಳಲ್ಲಿ ಒಂದು ನನ್ನದೇ. ಇನ್ನೊಂದರಲ್ಲಿ ಒಂದು ಜೀವ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು. ಬೇರೆ ಊರಿನವರು ಅದೇ ತಪ್ಪು ಮಾಡದಿರಲಿ ಅಂತ ಬರೆಯುತ್ತಿದ್ದೇನೆ.

ಶಾಖ ಎಲ್ಲಿಗೆ ಹೋಗುತ್ತೆ?

ಯಂತ್ರದಲ್ಲಿ ಎರಡು ಭಾಗ. ಒಳಗೆ ಸ್ಟೀಲ್ ಟ್ಯಾಂಕು. ಹೊರಗೆ ಕಂಪ್ರೆಸರ್, ಕೊಳವೆ ಸುರುಳಿ, ಫ್ಯಾನು ಇರುವ ಪೆಟ್ಟಿಗೆ. ಯಂತ್ರ ತಂಪನ್ನು ಹುಟ್ಟಿಸೋದಿಲ್ಲ. ಹಾಲಿನಲ್ಲಿರುವ ಶಾಖವನ್ನು ಗ್ಯಾಸಿನ ಮೂಲಕ ಹೊತ್ತು ತಂದು ಹೊರಗೆ ಎಸೆಯುತ್ತೆ, ಅಷ್ಟೆ. ಸಾವಿರ ಲೀಟರ್ ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಿದರೆ ಹೊರಬರುವ ಶಾಖದಲ್ಲಿ ಸುಮಾರು 380 ಲೀಟರ್ ತಣ್ಣೀರು ಕುದಿಯುವ ಹದಕ್ಕೆ ಬರುತ್ತೆ. ಇಷ್ಟು ಶಾಖ ಹೋಗಲು ದಾರಿ ಬೇಕು. ಕೊಬ್ಬರಿ ಅಟ್ಟಕ್ಕೆ ಗಾಳಿ ಆಡದಿದ್ದರೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಇದೂ ಹಾಗೇ. ಗಾಳಿ ಇಲ್ಲದಿದ್ದರೆ ಕರೆಂಟು ಹೆಚ್ಚು ತಿನ್ನುತ್ತೆ, ಹಾಲು ಬೇಗ ತಣ್ಣಗಾಗೋದಿಲ್ಲ, ಕೊನೆಗೆ ಕಂಪ್ರೆಸರ್ ಸುಡುತ್ತೆ.

ನನ್ನ ತಪ್ಪು

ಬಿಸಿಲಿಗೆ ಯಂತ್ರ ಕಾಯಬಾರದು ಅಂತ ಡೇರಿ ಹಿಂದಿನ ತೆಂಗಿನಮರದ ನೆರಳಲ್ಲೇ ಇಡಿಸಿದೆ. ತಿಂಗಳು ಕಳೆಯುವುದರೊಳಗೆ ಒಂದು ಕಾಯಿ ಬಿದ್ದು ಫ್ಯಾನಿನ ಜಾಲರಿ ಒಳಕ್ಕೆ ಬಾಗಿತು, ರೆಕ್ಕೆ ಮುರಿಯಿತು. ಆ ಹೊತ್ತಿಗೆ ಅಲ್ಲಿ ಆಡುತ್ತಿದ್ದ ಮಕ್ಕಳು ದೂರ ಇದ್ದರು ಅನ್ನೋದೇ ಪುಣ್ಯ. ತೆಂಗಿನ ನಾಡಿನವನಾಗಿ ನನಗೆ ಇದು ಹೊಳೆಯಬೇಕಿತ್ತು. ಗರಿ ಬೀಳುವಷ್ಟು ದೂರದಲ್ಲೂ ಇಡಬಾರದು.

ಈಗ ಬಯಲಲ್ಲಿ ಇಟ್ಟು, ಮೇಲೆ ಎತ್ತರಕ್ಕೆ ತಗಡು ಹಾಕಿದ್ದೇವೆ. ನಾಲ್ಕೂ ಕಡೆ ತೆರೆದಿದೆ. ತಗಡು ತಗ್ಗಿನಲ್ಲಿದ್ದರೆ ಬಿಸಿಗಾಳಿ ಸುತ್ತಿ ಮತ್ತೆ ಯಂತ್ರಕ್ಕೇ ಹೋಗುತ್ತೆ. ಗೋಡೆಯಿಂದ ಎಷ್ಟು ದೂರ ಅಂತ ಯಂತ್ರದ ಜೊತೆ ಬರುವ ಪುಸ್ತಕದಲ್ಲಿ ಇರುತ್ತೆ. ಅದು ಕನಿಷ್ಠ ಅಳತೆ, ಅದಕ್ಕಿಂತ ಕಡಿಮೆ ಮಾಡಬೇಡಿ. ಕಾಯಿ ಸುಲಿಯುವ ಕಳ ಹತ್ತಿರ ಇರಬಾರದು. ನಾರಿನ ಧೂಳು ಸುರುಳಿಯ ಸಂದಿಗೆ ಕಂಬಳಿ ಹೊದಿಸಿದ ಹಾಗೆ ಕೂತುಬಿಡುತ್ತೆ. ವಾರಕ್ಕೊಮ್ಮೆ ಮೇನ್ ಸ್ವಿಚ್ ಆರಿಸಿ ಮೆತ್ತನೆಯ ಬ್ರಷ್ಷಿನಲ್ಲಿ ತೆಗೆಯಬೇಕು.

ಅಡಿಪಾಯಕ್ಕೆ ನೆಲದಿಂದ ಒಂದಡಿ ಎತ್ತರದ ಕಾಂಕ್ರೀಟ್ ಕಟ್ಟೆ ಹಾಕಿ. ಹಾಕಿದ ಮಾರನೇ ದಿನವೇ ಯಂತ್ರ ಏರಿಸಬೇಡಿ. ಒಂದು ವಾರವಾದರೂ ನೀರುಣಿಸಿ. ರಸಮಟ್ಟ ಇಟ್ಟು ನೋಡಿ, ಕಾಲಿಗೆ ರಬ್ಬರ್ ಕೊಟ್ಟು ಬೋಲ್ಟ್ ಬಿಗಿಯಿರಿ. ಅಲುಗಾಡುವ ಯಂತ್ರದ ತಾಮ್ರದ ಕೊಳವೆ ಒಂದಿನ ಸೀಳುತ್ತೆ.

ಜುಮ್ ಅಂದ ಕೈ

ಮಳೆಗಾಲದ ಒಂದು ಬೆಳಗ್ಗೆ ಹಾಲು ಹಾಕಲು ಬಂದ ಹೆಣ್ಣುಮಗಳೊಬ್ಬಳು, "ಅಣ್ಣಾ, ಟ್ಯಾಂಕ್ ಮುಟ್ಟಿದ್ರೆ ಕೈ ಜುಮ್ ಅಂತೈತೆ" ಅಂದಳು. "ಚಳಿಗೆ ಹಂಗನ್ಸುತ್ತೆ ಕಣವ್ವ" ಅಂತ ನಾನು ನಕ್ಕುಬಿಟ್ಟೆ. ನಾಲ್ಕು ದಿನ ಬಿಟ್ಟು ಟೆಸ್ಟರ್ ಹುಡುಗ ಟ್ಯಾಂಕು ತೊಳೆಯುವಾಗ ಎಸೆದಂಗೆ ಹಿಂದಕ್ಕೆ ಬಿದ್ದ. ಕೈಯಲ್ಲಿದ್ದ ಪೈಪು ಜಾರಿದ್ದರಿಂದ ಬದುಕಿದ.

ಬೇರೆ ಊರಿನ ವೈರ್‌ಮನ್ ಒಬ್ಬರನ್ನು ಕರೆಸಿ ನೋಡಿದರೆ, ಯಂತ್ರ ಜೋಡಿಸಿದವರು ಅರ್ತ್ ತಂತಿಯನ್ನು ನಲ್ಲಿಯ ಕಬ್ಬಿಣದ ಪೈಪಿಗೆ ಸುತ್ತಿ ಹೋಗಿದ್ದರು. ಆ ಪೈಪು ಎರಡು ಮಾರು ಆಚೆ ಪ್ಲಾಸ್ಟಿಕ್ ಪೈಪಿಗೆ ಸೇರಿತ್ತು. ಅಂದರೆ ಅರ್ತ್ ಮಣ್ಣನ್ನೇ ಮುಟ್ಟಿರಲಿಲ್ಲ. ಒಳಗೆ ಒಂದು ವೈರಿನ ಮೈ ಸವೆದು ಪೆಟ್ಟಿಗೆಗೆ ತಾಗಿತ್ತು. ಪೆಟ್ಟಿಗೆ, ಕೊಳವೆ, ಟ್ಯಾಂಕು ಎಲ್ಲದರಲ್ಲೂ ಕರೆಂಟು. ಆ ಟ್ಯಾಂಕು ಮುಟ್ಟುವವರು ಯಾರು? ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ, ಕೈಯಲ್ಲಿ ಸ್ಟೀಲ್ ಕ್ಯಾನು ಹಿಡಿದ ನಮ್ಮ ಮನೆಯ ಹೆಂಗಸರು, ಮಕ್ಕಳು.

ಅರ್ತಿಂಗು ಹೀಗಿರಲಿ

- ಯಂತ್ರಕ್ಕೆಂದೇ ಬೇರೆ ಗುಂಡಿ ತೋಡಿಸಿ. ಸುಮಾರು ಎಂಟಡಿ ಜಿಐ ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿಸಿ. ನಾವು ಚಿಪ್ಪಿನ ಇದ್ದಿಲು ಹಾಕಿದೆವು.
- ತ್ರೀ ಫೇಸ್ ಯಂತ್ರದ ಮೈಗೆ ಎರಡು ಬೇರೆ ಬೇರೆ ಅರ್ತ್ ತಂತಿ ಇರಲೇಬೇಕು ಅಂತ ನಿಯಮವಿದೆ. ಒಂದು ಕಡಿದರೆ ಇನ್ನೊಂದು ಕಾಯುತ್ತೆ. ಸಾಧ್ಯವಾದರೆ ಗುಂಡಿಯೂ ಎರಡಿರಲಿ, ನಡುವೆ ಹದಿನಾರು ಅಡಿ ಬಿಡಿ.
- ನಮ್ಮ ಕೆಂಪು ಗರಸು ಮಣ್ಣು ಬೇಸಿಗೆಯಲ್ಲಿ ಒಣಗಿ ಕರೆಂಟನ್ನು ಒಳಕ್ಕೆ ಬಿಟ್ಟುಕೊಳ್ಳೋದಿಲ್ಲ. ಗುಂಡಿಗೆ ವಾರಕ್ಕೆರಡು ಕೊಡ ನೀರು ಹಾಕಿ.
- ಕಣ್ಣಂದಾಜು ಬೇಡ. ಮೀಟರಿಟ್ಟು ಅಳೆದು ತೋರಿಸಿ ಅನ್ನಿ. ನಮ್ಮದು ಈಗ 5 ಓಮ್‌ಗಿಂತ ಕಡಿಮೆ ಇದೆ. ವರ್ಷಕ್ಕೊಮ್ಮೆ, ಬೇಸಿಗೆಯಲ್ಲೇ ಅಳೆಸುತ್ತೇವೆ.
- ಆರ್‌ಸಿಸಿಬಿ ಅನ್ನುವ ಸ್ವಿಚ್ಚು ಹಾಕಿಸಿ. ಎಂಸಿಬಿ ವೈರನ್ನು ಕಾಯುತ್ತೆ, ಮನುಷ್ಯನನ್ನಲ್ಲ. ಮೈಮೇಲೆ ಹರಿದುಹೋಗುವ ಸಣ್ಣ ಕರೆಂಟು ಎಂಸಿಬಿಗೆ ಗೊತ್ತೇ ಆಗೋದಿಲ್ಲ. 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಅಷ್ಟು ಸೋರಿದರೂ ಕಣ್ಣು ಮಿಟುಕಿಸುವುದರೊಳಗೆ ಕಡಿಯುತ್ತೆ. ಅದರಲ್ಲಿ ಪರೀಕ್ಷೆಯ ಗುಂಡಿ ಇರುತ್ತೆ, ತಿಂಗಳಿಗೊಮ್ಮೆ ಒತ್ತಿ ನೋಡಿ.

ಕರೆಂಟು, ಗ್ಯಾಸು

ಪಂಪ್‌ಸೆಟ್ಟಿಗೆ ಹಾಕುವ ಹಾಗೆ ಸಿಂಗಲ್ ಫೇಸ್ ಪ್ರಿವೆಂಟರ್ ಇದಕ್ಕೂ ಬೇಕು. ಕರೆಂಟು ಹೋಗಿ ಬಂದ ಕೂಡಲೇ ಕಂಪ್ರೆಸರ್ ಓಡಬಾರದು, ಮೂರು ನಿಮಿಷ ತಡೆಯುವ ಟೈಮರ್ ಇರಬೇಕು. ಜನರೇಟರ್ ಇದ್ದರೆ ಚೇಂಜೋವರ್ ಸ್ವಿಚ್ಚಿನ ಮೂಲಕವೇ ಕೊಡಿ. ಇಲ್ಲದಿದ್ದರೆ ನಿಮ್ಮ ಕರೆಂಟು ಲೈನಿಗೆ ಹಿಂದಕ್ಕೆ ಹೋಗಿ ಕಂಬದ ಮೇಲಿರುವ ಲೈನ್‌ಮನ್ ಸಾಯುತ್ತಾನೆ.

ಗ್ಯಾಸು ತಾನಾಗಿ ಖರ್ಚಾಗುವ ವಸ್ತುವಲ್ಲ. "ಗ್ಯಾಸ್ ಕಮ್ಮಿಯಾಗಿದೆ, ತುಂಬಿಸಬೇಕು" ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಮೊದಲು ಸೋರಿಕೆ ಮುಚ್ಚಿಸಿ, ಆಮೇಲೆ ತುಂಬಿಸಿ. ಹೊಸದಾಗಿ ತರುವವರು ಪಟ್ಟಿಯ ಮೇಲೆ ಯಾವ ಗ್ಯಾಸು ಅಂತ ಬರೆದಿದೆಯೋ ನೋಡಿ. ಹಳೇ ಆರ್-22 ಗ್ಯಾಸು ಓಝೋನ್ ಪದರವನ್ನು ಕೆಡಿಸುತ್ತೆ ಅಂತ ದೇಶದಲ್ಲಿ ಹಂತಹಂತವಾಗಿ ನಿಲ್ಲಿಸುತ್ತಿದ್ದಾರೆ. ಮುಂದೆ ಅದು ಸಿಗೋದು ಕಷ್ಟ.

ಕೊನೆಗೆ ಒಂದು ಮಾತು

ಜೋಡಿಸಿದವರು "ಎಲ್ಲಾ ಸರಿಯಿದೆ" ಅಂದು ಸಹಿಗೆ ಕಾಗದ ಚಾಚಿದಾಗ, ಅರ್ತ್ ತಂತಿಯನ್ನು ಯಂತ್ರದಿಂದ ಗುಂಡಿಯವರೆಗೆ ಕಣ್ಣಲ್ಲಿ ಹಿಂಬಾಲಿಸಿಕೊಂಡು ಹೋಗಿ. ಮಣ್ಣಿಗೆ ಇಳಿದದ್ದು ಕಂಡ ಮೇಲೆ ಸಹಿ ಹಾಕಿ. ಇದಕ್ಕೆ ಏಳನೇ ಕ್ಲಾಸು ಧಾರಾಳ ಸಾಕು. ಹಾಗೇ ಮನೆಗೆ ಹೋಗಿ ನಿಮ್ಮ ಪಂಪ್‌ಸೆಟ್ ಬೋರ್ಡಿನ ಅರ್ತ್ ತಂತಿಯನ್ನೂ ಒಮ್ಮೆ ನೋಡಿ. ನಾನು ನೋಡಿದಾಗ ನಮ್ಮದು ತುಕ್ಕು ಹಿಡಿದು ಕಡಿದಿತ್ತು. ಯಾರಾದರೂ ಜುಮ್ ಅಂತು ಅಂದರೆ, ನನ್ನ ಹಾಗೆ ನಗಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ.