ಬಿತ್ತನೆ ಆಲೂಗೆಡ್ಡೆಯ ಗಾತ್ರ ಮತ್ತು ಶೈತ್ಯಾಗಾರದಲ್ಲಿ ಅದರ ಬಾಳಿಕೆ

ಆಲೂಗೆಡ್ಡೆ ಬೇಸಾಯದ ಖರ್ಚಿನಲ್ಲಿ ಬಿತ್ತನೆ ಗೆಡ್ಡೆಯ ಪಾಲು ದೊಡ್ಡದು. ಹಾಸನ ಭಾಗದಲ್ಲಿ ಮುಂಗಾರಿಗೆ ನಾಟಿ ಮಾಡುವ ಗೆಡ್ಡೆಯು ಬಹುಪಾಲು ಪಂಜಾಬಿನಿಂದ ಬಂದು, ನಾಟಿಗೆ ಮುನ್ನ ಶೈತ್ಯಾಗಾರದಲ್ಲಿ ಇದ್ದುದಾಗಿರುತ್ತದೆ. ಒಂದೇ ಶೈತ್ಯಾಗಾರದಲ್ಲಿ ಒಂದೇ ಅವಧಿಗೆ ಇಟ್ಟ ಗೆಡ್ಡೆಗಳಲ್ಲಿ ಕೆಲವು ಸುಕ್ಕುಗಟ್ಟಿದರೆ, ಕೆಲವು ಒಳಗೇ ಕಪ್ಪಾಗಿರುತ್ತವೆ. ಇದಕ್ಕೆ ಗೆಡ್ಡೆಯ ಗಾತ್ರವೂ ಒಂದು ಮುಖ್ಯ ಕಾರಣ.

ಸಣ್ಣ ಗೆಡ್ಡೆಗಳು

ಗೆಡ್ಡೆಯು ಸಿಪ್ಪೆಯ ಮೂಲಕ ನೀರನ್ನು ಕಳೆದುಕೊಳ್ಳುತ್ತದೆ. ಗೆಡ್ಡೆ ಸಣ್ಣದಾದಷ್ಟೂ ತೂಕಕ್ಕೆ ಹೋಲಿಸಿದಾಗ ಸಿಪ್ಪೆಯ ಪ್ರಮಾಣ ಹೆಚ್ಚು. 160 ಗ್ರಾಂ ತೂಕದ ಗೆಡ್ಡೆಗಳಿಗಿಂತ 20 ಗ್ರಾಂ ತೂಕದ ಗೆಡ್ಡೆಗಳಲ್ಲಿ ಪ್ರತಿ ಕಿಲೋಗೆ ಸುಮಾರು ಎರಡು ಪಟ್ಟು ಸಿಪ್ಪೆ ಇರುತ್ತದೆ. ಆದ್ದರಿಂದ ಅವು ಬೇಗ ಸುಕ್ಕುಗಟ್ಟುತ್ತವೆ. ಅವುಗಳ ಸುಪ್ತಾವಸ್ಥೆ ಸಾಮಾನ್ಯವಾಗಿ ದೀರ್ಘವಾದರೂ ಆಹಾರ ಸಂಗ್ರಹ ಕಡಿಮೆಯಿರುವುದರಿಂದ ಮೊಳಕೆ ದುರ್ಬಲವಾಗುತ್ತದೆ. ನಂಜುರೋಗ ತಗುಲಿದ ಗಿಡಗಳು ಸಣ್ಣ ಗೆಡ್ಡೆಗಳನ್ನೇ ಹೆಚ್ಚಾಗಿ ಬಿಡುತ್ತವೆ. ಹೀಗಾಗಿ ಮಾರಾಟದ ನಂತರ ಉಳಿದ ಸಣ್ಣ ಗೆಡ್ಡೆಗಳನ್ನು ಬೀಜಕ್ಕೆ ಇಟ್ಟುಕೊಂಡರೆ ರೋಗವನ್ನೂ ಉಳಿಸಿಕೊಂಡಂತಾಗುತ್ತದೆ.

ದೊಡ್ಡ ಗೆಡ್ಡೆಗಳು

ಇವು ಬೇಗ ಒಣಗುವುದಿಲ್ಲ. ಆದರೆ ಗಾಳಿಯಾಡದ ಕಡೆ ಒತ್ತಾಗಿ ಪೇರಿಸಿದಾಗ ಮಧ್ಯಭಾಗಕ್ಕೆ ಆಮ್ಲಜನಕ ಸಾಲದೆ ತಿರುಳು ಕಪ್ಪಾಗುತ್ತದೆ. ಹೊರನೋಟಕ್ಕೆ ಇದು ತಿಳಿಯುವುದಿಲ್ಲ. ಶೈತ್ಯಾಗಾರದ ಉಷ್ಣಾಂಶ ಏರಿದಾಗ ದೊಡ್ಡ ಗೆಡ್ಡೆಗಳೇ ಮೊದಲು ಮೊಳೆಯುತ್ತವೆ.

ಸೂಕ್ತ ಗಾತ್ರ

ಕೋಳಿಮೊಟ್ಟೆಯಷ್ಟಿರುವ, 40 ರಿಂದ 50 ಗ್ರಾಂ ತೂಕದ ಗೆಡ್ಡೆಗಳು ಸಂಗ್ರಹಣೆಗೂ ಇಡಿಯಾಗಿ ನಾಟಿ ಮಾಡಲೂ ಸೂಕ್ತ. 60 × 20 ಸೆಂ.ಮೀ. ಅಂತರದಲ್ಲಿ ಎಕರೆಗೆ ಸುಮಾರು 33,000 ಗೆಡ್ಡೆಗಳು ಬೇಕು. 40 ಗ್ರಾಂ ತೂಕದವಾದರೆ 13 ಕ್ವಿಂಟಾಲ್ ಸಾಕು. 80 ಗ್ರಾಂ ತೂಕದವನ್ನು ಇಡಿಯಾಗಿ ನೆಟ್ಟರೆ 26 ಕ್ವಿಂಟಾಲ್‌ಗೂ ಹೆಚ್ಚು ಬೇಕಾಗುತ್ತದೆ.

ಸಂಗ್ರಹಿಸುವವರು ಗಮನಿಸಬೇಕಾದ ಅಂಶಗಳು

• ಕೊಯ್ಲಿಗೆ 10–15 ದಿನ ಮೊದಲು ಬಳ್ಳಿ ಕತ್ತರಿಸಿ ಸಿಪ್ಪೆ ಬಲಿಯಲು ಬಿಡಿ.
• ಕೊಯ್ಲಿನ ನಂತರ ನೆರಳಿನಲ್ಲಿ ಹದಗೊಳಿಸಿ, ಗಾಯಗೊಂಡ ಹಾಗೂ ಕೊಳೆತ ಗೆಡ್ಡೆಗಳನ್ನು ತೆಗೆಯಿರಿ.
• ಗಾತ್ರವಾರು ವಿಂಗಡಿಸಿ ಬೇರೆ ಬೇರೆ ಚೀಲಗಳಲ್ಲಿ ತುಂಬಿಸಿ.
• 2–4 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಹಾಗೂ ಶೇ. 90–95 ರಷ್ಟು ಆರ್ದ್ರತೆ ಕಾಯ್ದುಕೊಳ್ಳಿ. ಚೀಲಗಳ ಸಾಲುಗಳ ನಡುವೆ ಗಾಳಿಯಾಡಲು ಜಾಗ ಬಿಡಿ.
• ಕತ್ತರಿಸಿದ ಗೆಡ್ಡೆಗಳನ್ನು ಸಂಗ್ರಹಿಸಬೇಡಿ.

ಕೊಳ್ಳುವವರು ಗಮನಿಸಬೇಕಾದ ಅಂಶಗಳು

• ಚೀಲದ ಮೇಲ್ಭಾಗವನ್ನಷ್ಟೇ ನೋಡದೆ, ಒಂದೆರಡು ಚೀಲಗಳನ್ನು ಸುರಿಸಿ ಪರೀಕ್ಷಿಸಿ. ದೊಡ್ಡ ಗೆಡ್ಡೆಗಳಲ್ಲಿ ಕೆಲವನ್ನು ನಡುವೆ ಸೀಳಿ ನೋಡಿ.
• ಶೈತ್ಯಾಗಾರದಿಂದ ತಂದ ಗೆಡ್ಡೆಗಳನ್ನು ಬಿಸಿಲಿಗೆ ಒಡ್ಡದೆ, ಗಾಳಿ ಮತ್ತು ಮಂದ ಬೆಳಕಿರುವ ನೆರಳಿನಲ್ಲಿ ತೆಳುವಾಗಿ ಹರಡಿ. ಗಿಡ್ಡನೆಯ, ಗಟ್ಟಿಯಾದ ಮೊಳಕೆ ಬಂದ ಮೇಲೆ ನಾಟಿ ಮಾಡಿ.
• ದೊಡ್ಡ ಗೆಡ್ಡೆಗಳನ್ನು ಕತ್ತರಿಸಲೇಬೇಕಾದರೆ ಪ್ರತಿ ಹೋಳಿನಲ್ಲಿ ಕನಿಷ್ಠ ಎರಡು ಕಣ್ಣುಗಳಿರಲಿ. ಕತ್ತಿಯನ್ನು ಆಗಾಗ ಸೋಂಕುನಿವಾರಕದಲ್ಲಿ ಅದ್ದಿ. ಹೋಳುಗಳನ್ನು ಶಿಫಾರಸು ಮಾಡಿದ ಶಿಲೀಂಧ್ರನಾಶಕದಿಂದ ಉಪಚರಿಸಿ ನೆರಳಿನಲ್ಲಿ ಆರಿಸಿ.

ಮುಂಗಾರಿನ ತೇವಭರಿತ ಮಣ್ಣಿನಲ್ಲಿ ಹೋಳುಗಳು ಸುಲಭವಾಗಿ ಕೊಳೆಯುತ್ತವೆ. ಆದ್ದರಿಂದ ಈ ಹಂಗಾಮಿಗೆ ಮಧ್ಯಮ ಗಾತ್ರದ ಇಡಿ ಗೆಡ್ಡೆಗಳಿಗೇ ಆದ್ಯತೆ ನೀಡುವುದು ಸೂಕ್ತ.