ನದಿ ದಾಟಿದ ಮಾತ್ರಕ್ಕೆ ಪದವಿ ದೊಡ್ಡದಾಗದು

ಪಿಯುಸಿ ಫಲಿತಾಂಶ ಬಂದ ವಾರ ಮೇಡ್ಲೇರಿಯಿಂದ ರಾಣೇಬೆನ್ನೂರಿಗೆ ಹೊರಟ ಬಸ್ಸಿನಲ್ಲಿ ಕೂತರೆ ಒಂದೇ ಮಾತು ಕಿವಿಗೆ ಬೀಳುತ್ತದೆ.

‘ನಿಮ್ಮ ಹುಡುಗೀನ್ನ ಎಲ್ಲಿಗೆ ಹಚ್ಚಾಕತ್ತೀರಿ?’

‘ಬಿಬಿಎ ಅಂತಾಳ್ರಿ. ಇಲ್ಲೇ ಹಚ್ಚೂದೋ, ದಾವಣಗೆರಿಗೆ ಕಳಸೂದೋ ತಿಳಿವಲ್ದು.’

ತಿಳಿಯದಿರುವುದು ಸಹಜವೇ. ರಾಣೇಬೆನ್ನೂರು, ಬ್ಯಾಡಗಿ, ಹಾವೇರಿಯ ಪದವಿ ಕಾಲೇಜುಗಳು ಹಾವೇರಿ ವಿಶ್ವವಿದ್ಯಾಲಯದವು. ತುಂಗಭದ್ರೆ ದಾಟಿ ಹರಿಹರಕ್ಕೆ ಕಾಲಿಟ್ಟರೆ ದಾವಣಗೆರೆ ವಿಶ್ವವಿದ್ಯಾಲಯ. ಇನ್ನೊಂದು ದಿಕ್ಕಿಗೆ ಹುಬ್ಬಳ್ಳಿ ಕಳೆದು ಹೋದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಒಂದೇ ರೈಲು ಮಾರ್ಗದಲ್ಲಿ ಮೂರು ವಿ.ವಿ.ಗಳಿವೆ. ಆಯ್ಕೆ ಹೆಚ್ಚಿದ ಹಾಗೆ ಊರಲ್ಲಿ ಹಬ್ಬಿದ ಮಾತುಗಳೂ ಹೆಚ್ಚಾಗಿವೆ. ಅವುಗಳಲ್ಲಿ ಕೆಲವನ್ನು ಇಲ್ಲಿ ತೂಗಿ ನೋಡೋಣ.

ತಪ್ಪು ಕಲ್ಪನೆ 1: ಬಿಬಿಎ ಮಾಡಿದವರು ಮ್ಯಾನೇಜರ್, ಬಿ.ಕಾಂ. ಮಾಡಿದವರು ಗುಮಾಸ್ತ.

ಸತ್ಯ: ಎರಡೂ ಒಂದೇ ಅಂತಸ್ತಿನ ಪದವಿಗಳು. 2021-22ರಲ್ಲಿ ಬಂದಿದ್ದ ನಾಲ್ಕು ವರ್ಷದ ಪದವಿ ಪದ್ಧತಿಯನ್ನು ರಾಜ್ಯ ಸರ್ಕಾರ 2024-25ರಿಂದ ಕೈಬಿಟ್ಟಿದೆ. ಹಾಗಾಗಿ ಎರಡಕ್ಕೂ ಈಗ ಮೂರು ವರ್ಷ, ಆರು ಸೆಮಿಸ್ಟರ್. ವ್ಯತ್ಯಾಸ ಇರುವುದು ಕಲಿಯುವ ವಿಷಯದಲ್ಲಿ.

ಬ್ಯಾಡಗಿ ಮಾರುಕಟ್ಟೆಗೆ ಹೋಗಿ ನೋಡಿದರೆ ಇದು ಬೇಗ ಅರ್ಥವಾಗುತ್ತದೆ. ಸೋಮವಾರ, ಗುರುವಾರ ಟೆಂಡರ್ ಮುಗಿದ ಮೇಲೆ ದಲಾಲಿ ಅಂಗಡಿಯ ಗುಮಾಸ್ತರು ಪಟ್ಟಿ ಬರೆಯಲು ಕೂರುತ್ತಾರೆ. ಎಷ್ಟು ಚೀಲ, ಎಷ್ಟು ತೂಕ, ಯಾವ ಲಾಟಿಗೆ ಯಾವ ದರ, ಹಮಾಲಿ ಹೋಗಿ ರೈತನ ಕೈಗೆ ಎಷ್ಟು ಎಂದು ಅದರಲ್ಲಿರುತ್ತದೆ. ಅದನ್ನು ಕೀರ್ದಿಗೆ ಏರಿಸಿ, ಖತಾವಣಿಗೆ ಹಂಚಿ, ವರ್ಷದ ಕೊನೆಗೆ ಲಾಭ-ನಷ್ಟ ತೆಗೆದು, ತೆರಿಗೆಯ ಲೆಕ್ಕ ಒಪ್ಪಿಸುವುದು ಬಿ.ಕಾಂ. ವಿದ್ಯೆ. ಅದೇ ಮೆಣಸಿನಕಾಯಿಯನ್ನು ಇವತ್ತೇ ಮಾರುವುದೋ, ಕೋಲ್ಡ್ ಸ್ಟೋರೇಜಿನಲ್ಲಿ ಇಡುವುದೋ, ಇಟ್ಟರೆ ಬಾಡಿಗೆ ಕಳೆದು ಏನು ಉಳಿದೀತು, ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಸಿಕ್ಕ ಭೌಗೋಳಿಕ ಸೂಚಕದ ಹೆಸರನ್ನು ಹಿಡಿದು ಪುಡಿಯ ಪೊಟ್ಟಣವನ್ನು ದೂರದ ಊರಲ್ಲಿ ಹೇಗೆ ಮಾರುವುದು ಎಂಬ ಪ್ರಶ್ನೆಗಳು ಬಿಬಿಎಯವು. ಅಂಗಡಿ ನಡೆಯಲು ಇಬ್ಬರೂ ಬೇಕು. ಮ್ಯಾನೇಜರ್ ಕುರ್ಚಿಯನ್ನಂತೂ ಯಾವ ಪದವಿಯೂ ಜೊತೆಗೆ ಕೊಡುವುದಿಲ್ಲ.

ತಪ್ಪು ಕಲ್ಪನೆ 2: ಮುಂದೆ ಎಂಬಿಎ ಮಾಡಬೇಕಾದರೆ ಬಿಬಿಎನೇ ಆಗಿರಬೇಕು.

ಸತ್ಯ: ರಾಜ್ಯದಲ್ಲಿ ಎಂಬಿಎಗೆ ಪಿಜಿಸಿಇಟಿ ಪ್ರವೇಶ ಪರೀಕ್ಷೆ ಬರೆಯಲು ಯಾವುದೇ ಪದವಿ ಸಾಕು. ಸಾಮಾನ್ಯ ವರ್ಗದವರಿಗೆ ಶೇ 50 ಅಂಕ ಇರಬೇಕು. ಪರಿಶಿಷ್ಟರಿಗೂ ಪ್ರವರ್ಗ-1ರವರಿಗೂ ಶೇ 45 ಸಾಕು. ಐಐಎಂಗಳಿಗೆ ಕರೆದೊಯ್ಯುವ ಕ್ಯಾಟ್ ಪರೀಕ್ಷೆಯೂ ಪದವಿಯ ಹೆಸರು ಕೇಳುವುದಿಲ್ಲ. ಬ್ಯಾಂಕ್ ಅಧಿಕಾರಿ ಹುದ್ದೆಯ ಪರೀಕ್ಷೆಗೂ ಇದೇ ಮಾತು ಅನ್ವಯಿಸುತ್ತದೆ.

ಆದರೆ ಮಗಳ ಮನಸ್ಸು ಸಿಎ ಕಡೆಗಿದ್ದರೆ ಬಿ.ಕಾಂ. ಹೆಚ್ಚು ಹೊಂದುತ್ತದೆ, ಏಕೆಂದರೆ ಅದರಲ್ಲಿ ಓದಿದ ಲೆಕ್ಕಶಾಸ್ತ್ರ, ತೆರಿಗೆ, ಕಾನೂನು ಸಿಎಯಲ್ಲಿಯೂ ಕೈಹಿಡಿಯುತ್ತವೆ. ಪದವಿ ಮುಗಿಸಿ ನೇರವಾಗಿ ಸಿಎ ಇಂಟರ್‌ಮೀಡಿಯೆಟ್‌ಗೆ ಸೇರಲು ವಾಣಿಜ್ಯ ಪದವೀಧರರಿಗೆ ಶೇ 55, ಉಳಿದವರಿಗೆ ಶೇ 60 ಅಂಕ ಬೇಕು.

ತಪ್ಪು ಕಲ್ಪನೆ 3: ಹಾವೇರಿ ವಿ.ವಿ. ಹೊಸದು, ಮುಚ್ಚುತ್ತಾರಂತೆ. ಅದರ ಪದವಿಗೆ ಬೆಲೆ ಇಲ್ಲ.

ಸತ್ಯ: ಅಂಜಿಕೆಗೆ ಕಾರಣವಿದೆ. ಹಾವೇರಿಯ ಕೆರಿಮತ್ತಿಹಳ್ಳಿಯಲ್ಲಿ ಧಾರವಾಡ ವಿ.ವಿ.ಯ ಸ್ನಾತಕೋತ್ತರ ಕೇಂದ್ರವಿದ್ದ ಜಾಗದಲ್ಲೇ 2023ರಲ್ಲಿ ಹೊಸ ವಿ.ವಿ. ಹುಟ್ಟಿತು. ಎರಡೇ ವರ್ಷಕ್ಕೆ, 2025ರ ಫೆಬ್ರುವರಿಯಲ್ಲಿ, ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅಧ್ಯಕ್ಷತೆಯ ಸಚಿವ ಸಂಪುಟ ಉಪಸಮಿತಿ ಹಾವೇರಿಯೂ ಸೇರಿ ಒಂಬತ್ತು ವಿ.ವಿ.ಗಳನ್ನು ಮುಚ್ಚುವತ್ತ ಒಲವು ತೋರಿತು.

ಆದರೆ ಪದವಿಯ ಬೆಲೆ ನಿಂತಿರುವುದು ಕಾನೂನಿನ ಮೇಲೆ. 1956ರ ಯುಜಿಸಿ ಕಾಯ್ದೆಯ ಪ್ರಕಾರ, ಶಾಸನಸಭೆಯ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯಕ್ಕೆ ಪದವಿ ಕೊಡುವ ಹಕ್ಕಿದೆ. ಆ ಹಕ್ಕಿನಲ್ಲಿ ಹಾವೇರಿಗೂ ಧಾರವಾಡಕ್ಕೂ ಭೇದವಿಲ್ಲ. ಹಳತು-ಹೊಸತಿನ ಮಾತಿಗೆ ಬಂದರೆ, ಇವತ್ತು ನಾವು ದೊಡ್ಡದೆನ್ನುವ ದಾವಣಗೆರೆ ವಿ.ವಿ. 2009ರಲ್ಲಿ ಕುವೆಂಪು ವಿ.ವಿ.ಯಿಂದ ಒಡೆದು ಬಂದದ್ದು. ಕುವೆಂಪು ವಿ.ವಿ. ಹುಟ್ಟಿದ್ದು 1987ರಲ್ಲಿ. 1949ರಲ್ಲಿ ಶುರುವಾದ ಕರ್ನಾಟಕ ವಿ.ವಿ.ಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತು.

ಚಿಂತೆ ಮಾಡಬೇಕಾದ ವಿಷಯ ಬೇರೆಯೇ ಇದೆ. ಪರೀಕ್ಷೆ ಹೊತ್ತಿಗೆ ಸರಿಯಾಗಿ ನಡೆಯುತ್ತದೆಯೇ? ಫಲಿತಾಂಶ, ಅಂಕಪಟ್ಟಿ ತಡವಾಗುತ್ತವೆಯೇ? ಎಂಬಿಎ, ಎಂ.ಕಾಂ. ಪ್ರವೇಶದ ದಿನಾಂಕ ಮೀರಿದ ಮೇಲೆ ಅಂಕಪಟ್ಟಿ ಬಂದರೆ ಒಂದು ವರ್ಷವೇ ಹೋಗುತ್ತದೆ. ಹಳೆಯ ವಿ.ವಿ.ಗಾಗಲಿ ಹೊಸದಕ್ಕಾಗಲಿ ಈ ಪ್ರಶ್ನೆ ಕೇಳಲೇಬೇಕು.

ತಪ್ಪು ಕಲ್ಪನೆ 4: ದೊಡ್ಡ ವಿ.ವಿ.ಯ ಹೆಸರಿದ್ದರೆ ಸಾಕು, ಕಾಲೇಜು ಯಾವುದಾದರೇನು?

ಸತ್ಯ: ಇದು ಎಲ್ಲಕ್ಕಿಂತ ದುಬಾರಿಯಾಗುವ ತಪ್ಪು. ಧಾರವಾಡದ ಕರ್ನಾಟಕ ವಿ.ವಿ.ಯಲ್ಲಿ ಹೆಸರಾಂತ ಕೌಸಾಳಿ ಮ್ಯಾನೇಜ್‌ಮೆಂಟ್ ಅಧ್ಯಯನ ಸಂಸ್ಥೆ ಇದೆ. ಆದರೆ ಅದು ಎಂಬಿಎ ಕಲಿಸುವ ಸಂಸ್ಥೆ. ಪಿಯುಸಿ ಮುಗಿಸಿ ಬಿಬಿಎಗೆ ಹೋಗುವ ಹುಡುಗ ಕೂರುವುದು ಆ ವಿ.ವಿ.ಗೆ ಸೇರಿದ ಯಾವುದೋ ಕಾಲೇಜಿನ ಬೆಂಚಿನ ಮೇಲೆ. ವಿ.ವಿ.ಯಿಂದ ಬರುವುದು ಪಠ್ಯಕ್ರಮ, ಪ್ರಶ್ನೆಪತ್ರಿಕೆ, ಪದವಿ ಪತ್ರ. ಇವು ಅದರ ಅಡಿಯ ಹೆಚ್ಚಿನ ಕಾಲೇಜುಗಳಿಗೆ ಒಂದೇ. ದಿನಾ ಪಾಠ ಹೇಳುವವರು ಯಾರು, ಅತಿಥಿ ಉಪನ್ಯಾಸಕರು ಎಷ್ಟು ಮಂದಿ, ಗ್ರಂಥಾಲಯ, ಕಂಪ್ಯೂಟರ್ ಹೇಗಿವೆ ಎಂಬುದೆಲ್ಲ ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತದೆ. ಒಂದೇ ವಿ.ವಿ.ಯ ಎರಡು ಕಾಲೇಜುಗಳ ನಡುವಿನ ಅಂತರ ಎಷ್ಟೋ ಸಲ ಎರಡು ವಿ.ವಿ.ಗಳ ನಡುವಿನದಕ್ಕಿಂತ ದೊಡ್ಡದು.

ತಪ್ಪು ಕಲ್ಪನೆ 5: ಬೋರ್ಡಿನ ಮೇಲೆ ನ್ಯಾಕ್ ‘ಎ’ ಎಂದಿದ್ದರೆ ಮತ್ತೇನೂ ನೋಡಬೇಕಿಲ್ಲ.

ಸತ್ಯ: ಗುಣಮಟ್ಟ ಅಳೆದು ನ್ಯಾಕ್ ಕೊಡುವ ಶ್ರೇಣಿ ಇಡೀ ಸಂಸ್ಥೆಗೆ ಸಿಗುವಂಥದ್ದು, ಬಿಬಿಎ ವಿಭಾಗಕ್ಕೆ ಪ್ರತ್ಯೇಕವಾಗಿ ಅಲ್ಲ. ಅದಕ್ಕೆ ಅವಧಿಯೂ ಇದೆ. ಸಾಮಾನ್ಯವಾಗಿ ಐದು ವರ್ಷ. ಬೋರ್ಡಿನ ಬಣ್ಣ ಹೊಸದಾಗಿದ್ದು ಶ್ರೇಣಿ ಹಳೆಯದಾಗಿರಬಹುದು, ವರ್ಷ ಕೇಳಿ. ಇನ್ನೊಂದು ಕಾಗದವನ್ನೂ ಕೇಳಿ. 2024-25ರಿಂದ ಬಿಬಿಎ, ಬಿಸಿಎ ಕೋರ್ಸುಗಳು ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ಅನುಮೋದನೆಯ ವ್ಯಾಪ್ತಿಗೆ ಬಂದಿವೆ. ಬಿ.ಕಾಂ.ಗೆ ಈ ನಿಯಮ ಇಲ್ಲ. ಬಿಬಿಎಗೆ ಸೇರುವುದಾದರೆ ಈ ವರ್ಷದ ಅನುಮೋದನೆ ಪತ್ರವನ್ನು ಕಣ್ಣಾರೆ ನೋಡಿಯೇ ಶುಲ್ಕ ಕಟ್ಟಿ.

ತಪ್ಪು ಕಲ್ಪನೆ 6: ದೂರದ ಊರಲ್ಲಿ ಓದಿದರೇ ಹುಡುಗರು ಮುಂದೆ ಬರುತ್ತಾರೆ.

ಸತ್ಯ: ದೊಡ್ಡ ಊರಲ್ಲಿ ಆಡಿಟರ್ ಕಚೇರಿ, ಕಂಪನಿ, ಕೋಚಿಂಗ್ ಹೆಚ್ಚು, ನಿಜ. ಆದರೆ ವ್ಯಾಪಾರ ಕಲಿಯುವವರಿಗೆ ನಮ್ಮ ತಾಲ್ಲೂಕುಗಳೂ ಬರಡಲ್ಲ. ರಾಣೇಬೆನ್ನೂರು ಬೀಜದ ವ್ಯಾಪಾರಕ್ಕೆ ಹೆಸರಾದ ಪೇಟೆ, ಬ್ಯಾಡಗಿ ಮೆಣಸಿನಕಾಯಿಗೆ. ರಜೆಯಲ್ಲಿ ಎರಡು ತಿಂಗಳು ಒಂದು ಬೀಜದ ಅಂಗಡಿಯಲ್ಲೋ ಆಡಿಟರ್ ಬಳಿಯೋ ಕೂತ ಹುಡುಗ ಸಂದರ್ಶನದಲ್ಲಿ ಪುಸ್ತಕದ ಮಾತಿನ ಬದಲು ಕಂಡ ಮಾತು ಆಡುತ್ತಾನೆ.

ಖರ್ಚನ್ನೂ ಕೂಡಿಸಿ ನೋಡಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸಿನ ಪ್ರಯಾಣ ಉಚಿತ. ಅದು ವಾಯವ್ಯ ಸಾರಿಗೆಗೂ ಉಂಟು, ಕೆಎಸ್‌ಆರ್‌ಟಿಸಿಗೂ ಉಂಟು. ಹೀಗಾಗಿ ಮಗಳಿಗೆ ದಾವಣಗೆರೆ ಬಸ್ಸಿನ ಖರ್ಚಿಲ್ಲ, ಮಗನಿಗೆ ಇದೆ. ಆದರೆ ದಿನಾ ಹೋಗಿಬರುವ ಹೊತ್ತಿಗೆ ಯಾವ ಯೋಜನೆಯೂ ರಿಯಾಯಿತಿ ಕೊಡುವುದಿಲ್ಲ. ನಸುಕಿಗೆ ಮನೆ ಬಿಟ್ಟು ಕತ್ತಲಾದ ಮೇಲೆ ಬಂದರೆ ಓದುವುದು ಯಾವಾಗ? ಹಾಸ್ಟೆಲ್ ಬೇಕೆಂದರೆ ಅದರ ಖರ್ಚನ್ನೂ ಮೂರು ವರ್ಷಕ್ಕೆ ಗುಣಿಸಿ ನೋಡಿ.

ಅರ್ಜಿ ಹಾಕುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು, ಮನಸ್ಸಿನಲ್ಲಿರುವ ಎರಡೂ ಕಾಲೇಜುಗಳಿಗೆ ಮಗಳನ್ನು ಕರೆದುಕೊಂಡು ಹೋಗಿ. ಪ್ರಾಂಶುಪಾಲರ ಕೋಣೆಗೆ ಆಮೇಲೆ ಹೋದರಾಯಿತು. ಮೊದಲು ಗೇಟಿನ ಹತ್ತಿರ ಚಹಾ ಕುಡಿಯುತ್ತಿರುವ ಕೊನೆಯ ವರ್ಷದ ಹುಡುಗರನ್ನು ಮೂರು ಮಾತು ಕೇಳಿ: ಲೆಕ್ಕಶಾಸ್ತ್ರಕ್ಕೆ ಮೇಷ್ಟ್ರು ವರ್ಷಪೂರ್ತಿ ಇದ್ದರೇ? ಹೋದ ಸೆಮಿಸ್ಟರಿನ ಫಲಿತಾಂಶ ಎಷ್ಟು ತಿಂಗಳಿಗೆ ಬಂತು? ನಿಮ್ಮ ಹಿಂದಿನ ತಂಡದವರು ಈಗ ಎಲ್ಲಿದ್ದಾರೆ? ಈ ಮೂರಕ್ಕೂ ಒಳ್ಳೆಯ ಉತ್ತರ ಕೊಟ್ಟ ಕಾಲೇಜೇ ನಿಮ್ಮದು, ಅದು ನದಿಯ ಯಾವ ದಡದಲ್ಲಿದ್ದರೂ ಸರಿ.